ತಾಯ್ನುಡಿಯ ಪತ್ರಿಕೆ ಗೋಡೆಯೇ? ಜರ್ಮನಿಯ ತುರ್ಕಿ ಮುಸ್ಲಿಮರ ಇತಿಹಾಸ ನೀಡುವ ಉತ್ತರ

ಅಲ್ಪಸಂಖ್ಯಾತರು ತಮ್ಮದೇ ಭಾಷೆಯ ಪತ್ರಿಕೆಗಳನ್ನು ಓದುತ್ತಾ, ತಮ್ಮದೇ ವಾಹಿನಿಗಳನ್ನು ನೋಡುತ್ತಾ ಇದ್ದರೆ ಸಮಾಜದೊಂದಿಗೆ ಬೆರೆಯುವುದಿಲ್ಲ ಎಂಬ ಆರೋಪ ಹಳೆಯದು. ಈ ಆರೋಪ ಎಷ್ಟು ನಿಜ? ಜರ್ಮನಿಯ ವಿದ್ವಾಂಸರು ಇದನ್ನು ಊಹೆಗೆ ಬಿಡದೆ ಪರೀಕ್ಷೆಗೆ ಒಡ್ಡಿದರು. ಆ ಇತಿಹಾಸ ನಮಗೂ ಮನನಯೋಗ್ಯವಾಗಿದೆ.

ದ್ವಿತೀಯ ಮಹಾಯುದ್ಧದ ನಂತರ ಪಶ್ಚಿಮ ಜರ್ಮನಿಯ ಕಾರ್ಖಾನೆಗಳಿಗೆ ದುಡಿಯುವ ಕೈಗಳು ಸಾಲದಾದವು. 1961ರ ಅಕ್ಟೋಬರ್ 30ರಂದು ಅದು ತುರ್ಕಿಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಬಂದವರನ್ನು 'ಅತಿಥಿ ಕಾರ್ಮಿಕರು' ಎಂದು ಕರೆಯಲಾಯಿತು. ಅತಿಥಿ ಒಂದು ದಿನ ಹಿಂದಿರುಗುತ್ತಾನೆ ಎಂದೇ ಸರಕಾರವೂ ಭಾವಿಸಿತ್ತು, ಬಂದವರೂ ಭಾವಿಸಿದ್ದರು. ಆದ್ದರಿಂದ ಅವರಿಗೆ ಜರ್ಮನ್ ಕಲಿಸುವ ಅಗತ್ಯ ಯಾರಿಗೂ ಕಾಣಲಿಲ್ಲ.

1964ರಲ್ಲಿ ಕೊಲೋನ್ ನಗರದ ಸಾರ್ವಜನಿಕ ಆಕಾಶವಾಣಿಯು ತುರ್ಕಿ ಭಾಷೆಯ ಕಾರ್ಯಕ್ರಮವನ್ನು ಆರಂಭಿಸಿತು. ಈ ಕಾರ್ಮಿಕರು ಕಮ್ಯುನಿಸ್ಟ್ ದೇಶಗಳ ಪ್ರಸಾರಕ್ಕೆ ಕಿವಿಗೊಡಬಾರದೆಂಬ ರಾಜಕೀಯ ಲೆಕ್ಕಾಚಾರವೂ ಅದರ ಹಿಂದಿತ್ತು. ಆದರೆ ಕಾರ್ಮಿಕನಿಗೆ ಅದು ತವರಿನ ಸುದ್ದಿಯೂ ಹೌದು, ತಾನು ಬದುಕುತ್ತಿರುವ ನಾಡಿನ ಪರಿಚಯವೂ ಹೌದು. ಮುಂದೆ 'ಹುರ್ರಿಯತ್'ನಂತಹ ತುರ್ಕಿ ದಿನಪತ್ರಿಕೆಗಳು ಜರ್ಮನಿಯಲ್ಲೇ ಮುದ್ರಣವಾಗತೊಡಗಿದವು.

1973ರಲ್ಲಿ ಹೊಸ ಕಾರ್ಮಿಕರ ನೇಮಕಾತಿ ನಿಂತಿತು. ಆದರೆ ಇದ್ದವರಲ್ಲಿ ಬಹಳಷ್ಟು ಮಂದಿ ಮರಳಲಿಲ್ಲ. ಮಡದಿ ಮಕ್ಕಳನ್ನು ಕರೆಸಿಕೊಂಡರು. ಅತಿಥಿಗಳು ನೆರೆಹೊರೆಯವರಾದರು. 1990ರ ದಶಕದಲ್ಲಿ ಉಪಗ್ರಹ ವಾಹಿನಿಗಳು ಬಂದಾಗ ತುರ್ಕಿ ಕುಟುಂಬಗಳ ಬಾಲ್ಕನಿಗಳಲ್ಲಿ ಡಿಶ್ ಆಂಟೆನಾಗಳು ಮೂಡಿದವು. ಅದೇ ದಶಕದಲ್ಲಿ 'ಸಮಾನಾಂತರ ಸಮಾಜ' ಎಂಬ ಮಾತು ಚಲಾವಣೆಗೆ ಬಂತು. ಡಿಶ್ ಆಂಟೆನಾ ಪ್ರತ್ಯೇಕತೆಯ ಗುರುತೆಂಬಂತೆ ಬಿಂಬಿತವಾಯಿತು. 1992ರಲ್ಲಿ ಮೋಲ್ನ್‌ನಲ್ಲಿ ಮೂವರು, 1993ರಲ್ಲಿ ಝೋಲಿಂಗೆನ್‌ನಲ್ಲಿ ಐವರು ತುರ್ಕಿ ಮೂಲದವರು ಮನೆಗೆ ಹಚ್ಚಿದ ಬೆಂಕಿಗೆ ಬಲಿಯಾಗಿದ್ದರೆಂಬುದನ್ನು ಇಲ್ಲಿ ಮರೆಯುವಂತಿಲ್ಲ. ಮನೆಯೊಳಗೇ ಸುರಕ್ಷತೆಯಿಲ್ಲದವನನ್ನು 'ನೀನೇಕೆ ಬೆರೆಯುವುದಿಲ್ಲ?' ಎಂದು ಪ್ರಶ್ನಿಸಲಾಗುತ್ತಿತ್ತು.

ಈ ಹಿನ್ನೆಲೆಯಲ್ಲಿ ಜರ್ಮನ್ ಸರಕಾರದ ವಾರ್ತಾ ಇಲಾಖೆಯು ಅಧ್ಯಯನ ನಡೆಸಲು ಮುಂದಾಯಿತು. 2001ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ತುರ್ಕಿ ಮೂಲದವರಲ್ಲಿ ಸುಮಾರು ಅರ್ಧದಷ್ಟು ಜನ ಎರಡೂ ಭಾಷೆಗಳ ಮಾಧ್ಯಮಗಳನ್ನು ಬಳಸುತ್ತಿದ್ದರು. ತುರ್ಕಿ ಮಾಧ್ಯಮವೊಂದನ್ನೇ ನೆಚ್ಚಿಕೊಂಡವರು ಐದರಲ್ಲಿ ಒಬ್ಬರಿಗಿಂತಲೂ ಕಡಿಮೆ. ಇದರ ಬೆನ್ನಿಗೇ ಮಾಧ್ಯಮ ವಿದ್ವಾಂಸ ಕಾಯ್ ಹಾಫೆಝ್ ಜನರೊಂದಿಗೆ ದೀರ್ಘ ಸಂದರ್ಶನಗಳನ್ನು ನಡೆಸಿದರು. ಯಾರು ಯಾವ ವಾಹಿನಿ ನೋಡುತ್ತಾರೆ ಎಂಬುದಷ್ಟೇ ಅಲ್ಲ, ಏಕೆ ನೋಡುತ್ತಾರೆ ಎಂಬುದು ಅವರ ಪ್ರಶ್ನೆಯಾಗಿತ್ತು.

ಅವರಿಗೆ ಕಂಡದ್ದು ಒಂದೇ ಅಚ್ಚಿನ ಸಮುದಾಯವಲ್ಲ. ಜರ್ಮನ್ ಬಾರದ ಕಾರಣ ತುರ್ಕಿ ವಾಹಿನಿಯನ್ನೇ ಅವಲಂಬಿಸಿದವರು ಇದ್ದರು. ಜರ್ಮನ್ ಸಮಾಜದಲ್ಲಿ ಚೆನ್ನಾಗಿ ನೆಲೆಯೂರಿದ್ದರೂ ಸಂಸ್ಕೃತಿಯ ನಂಟಿಗಾಗಿ ತುರ್ಕಿ ಕಾರ್ಯಕ್ರಮ ನೋಡುವವರೂ ಇದ್ದರು. ಎರಡನ್ನೂ ಹೋಲಿಸಿ, ಎರಡನ್ನೂ ವಿಮರ್ಶಿಸುವವರೂ ಇದ್ದರು. ತುರ್ಕಿ ಮಾಧ್ಯಮದ ಬಳಕೆಯೇ ಪ್ರತ್ಯೇಕತೆಗೆ ಕಾರಣ ಎಂಬ ಸರಳ ಸೂತ್ರ ನಿಲ್ಲಲಿಲ್ಲ. ಭಾಷೆಯ ಕಲಿಕೆ, ಶಿಕ್ಷಣ, ಸಮಾಜ ಅವರನ್ನು ಕಂಡ ರೀತಿ ಇವೆಲ್ಲವನ್ನೂ ಬಿಟ್ಟು ರಿಮೋಟನ್ನು ಮಾತ್ರ ದೂಷಿಸುವಂತಿರಲಿಲ್ಲ.

ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ 13ನೆಯ ಸೂಕ್ತವು ಜನಾಂಗ ಬುಡಕಟ್ಟುಗಳ ವೈವಿಧ್ಯದ ಉದ್ದೇಶವನ್ನು ಪರಸ್ಪರ ಪರಿಚಯ ಎಂದು ತಿಳಿಸುತ್ತದೆ. ಪರಿಚಯ ಎರಡು ಬದಿಯ ಕೆಲಸ. ತನ್ನ ಗುರುತನ್ನು ಅಳಿಸಿಕೊಂಡವನ ಬಗ್ಗೆ ಇನ್ನೊಬ್ಬನಿಗೆ ತಿಳಿಯಲು ಏನೂ ಉಳಿಯುವುದಿಲ್ಲ. ಬಾಗಿಲು ಮುಚ್ಚಿಕೊಂಡವನನ್ನು ಯಾರೂ ತಿಳಿಯಲಾರರು. ಪ್ರವಾದಿ ಮುಹಮ್ಮದ್(ಸ)ರು ತಮ್ಮ ಯುವ ಅನುಚರ ಝೈದ್ ಬಿನ್ ಸಾಬಿತ್(ರ)ರಿಗೆ ಪತ್ರ ವ್ಯವಹಾರಕ್ಕಾಗಿ ಯಹೂದಿಯರ ಬರಹವನ್ನು ಕಲಿಯುವಂತೆ ಸೂಚಿಸಿದ್ದರು. ಇನ್ನೊಬ್ಬರ ನುಡಿಯನ್ನು ಕಲಿತ ಅವರು ತಮ್ಮತನವನ್ನು ಕಳೆದುಕೊಳ್ಳಲಿಲ್ಲ. ಕುರ್‌ಆನ್ ಸಂಗ್ರಹದ ಮಹತ್ಕಾರ್ಯ ಮುಂದೆ ಅವರ ಹೆಗಲಿಗೇ ಬಂತು.

ಕನ್ನಡ ನಾಡಿನಲ್ಲಿ ನಮ್ಮ ಸ್ಥಿತಿ ಜರ್ಮನಿಯ ತುರ್ಕರಂತಲ್ಲ. ನಾವು ಇಲ್ಲಿಗೆ ಅತಿಥಿಗಳಾಗಿ ಬಂದವರಲ್ಲ. ಮನೆಯಲ್ಲಿ ಉರ್ದುವೋ ಬ್ಯಾರಿಯೋ ನವಾಯತಿಯೋ ಇದ್ದರೂ, 1978ರಿಂದ ಮಂಗಳೂರಿನಿಂದ ಹೊರಬರುತ್ತಿರುವ 'ಸನ್ಮಾರ್ಗ' ವಾರಪತ್ರಿಕೆ ಕನ್ನಡದಲ್ಲೇ ಮಾತನಾಡುತ್ತಾ ಬಂದಿದೆ. ತುರ್ಕಿ ಪತ್ರಿಕೆಯನ್ನು ಜರ್ಮನ್ ನೆರೆಯವನು ಓದಲಾರದವನಾಗಿದ್ದ. ನಮ್ಮ ಕನ್ನಡ ಬರಹವನ್ನು ನಮ್ಮ ನೆರೆಯವರು ಓದಬಲ್ಲರು. ಇದು ದೊಡ್ಡ ಅನುಗ್ರಹ, ಅಷ್ಟೇ ದೊಡ್ಡ ಹೊಣೆ. ನಮ್ಮ ಮಕ್ಕಳು ಮನೆಮಾತನ್ನೂ ಉಳಿಸಿಕೊಳ್ಳಲಿ, ಕನ್ನಡವನ್ನೂ ಆಳವಾಗಿ ಕಲಿಯಲಿ, ನೆರೆಯವರ ಬರಹವನ್ನೂ ಓದಲಿ. ನಾವು ಬರೆಯುವುದನ್ನು ನೆರೆಯವರೂ ಓದುತ್ತಾರೆಂಬ ಎಚ್ಚರ ನಮ್ಮ ಲೇಖನಿಗಿರಲಿ.