ಲೇತ್ ಯಂತ್ರವೂ ಅದರ ಎಣ್ಣೆಯೂ

ಸಂಸ್ಕೃತದಲ್ಲಿ ‘ಸ್ನೇಹ’ ಎಂಬ ಶಬ್ದಕ್ಕೆ ಪ್ರೀತಿಯೆಂದೂ ಎಣ್ಣೆಯೆಂದೂ ಎರಡರ್ಥಗಳುಂಟು. ಒಂದನ್ನೊಂದು ತೇಯುವ ಎರಡರ ನಡುವೆ ನಿಂತು, ಎರಡನ್ನೂ ಕಾಪಾಡುವುದೇ ಈ ಎರಡರ್ಥಗಳಿಗೂ ಸಮಾನವಾದ ಧರ್ಮ. ಲೋಹವನ್ನು ಕಡೆಯುವ ಲೇತ್ ಯಂತ್ರದ ಚರಿತ್ರೆಯನ್ನು ನೋಡಿದವರಿಗೆ ಈ ಮಾತಿನ ಯಾಥಾರ್ಥ್ಯವು ಮನವರಿಕೆಯಾಗದೆ ಇರದು.

ಲಂಡನ್ನಿನ ಹೆನ್ರಿ ಮಾಡ್‌ಸ್ಲೆಯು 1800ರ ಸುಮಾರಿನಲ್ಲಿ, ತಿರುಪುಗಳನ್ನು ಕರಾರುವಾಕ್ಕಾಗಿ ಕೊರೆಯುವ ಲೇತನ್ನು ನಿರ್ಮಿಸಿದನು. ಅದರ ಹಲ್ಲುಚಕ್ರಗಳು ಹೊರಗೇ ಕಾಣುತ್ತಿದ್ದವು. ಬೇರೆ ಅಳತೆಯ ತಿರುಪು ಬೇಕಾದಾಗ ಕೆಲಸಗಾರನು ಒಂದು ಚಕ್ರವನ್ನು ಕಳಚಿ ಮತ್ತೊಂದನ್ನು ತೊಡಿಸಬೇಕಾಗಿತ್ತು. 1892ರಲ್ಲಿ ಅಮೆರಿಕದ ವೆಂಡೆಲ್ ನಾರ್ಟನ್ ಎಂಬವನು, ಹಿಡಿಯನ್ನು ಸರಿಸಿದ ಮಾತ್ರಕ್ಕೆ ಚಕ್ರಗಳ ಜೋಡಣೆ ಬದಲಾಗುವ ಗೇರುಪೆಟ್ಟಿಗೆಗೆ ಪೇಟೆಂಟು ಪಡೆದನು. ಬರಬರುತ್ತ ಲೇತಿನ ಚಕ್ರಗಳೆಲ್ಲ ಎರಕದ ಕಬ್ಬಿಣದ ಪೆಟ್ಟಿಗೆಗಳನ್ನು ಸೇರಿ, ಎಣ್ಣೆಯಲ್ಲಿ ತೋಯುತ್ತ ತಿರುಗತೊಡಗಿದವು. ಕೆಲಸಗಾರನಿಗೆ ಅನುಕೂಲವೇನೋ ಆಯಿತು. ಆದರೆ ಎಣ್ಣೆಯ ಸ್ಥಿತಿಗತಿಯು ಅವನ ಕಣ್ಣಿಗೆ ಮರೆಯಾಯಿತು.

ಎಣ್ಣೆಯು ಮಾಡುವ ಕೆಲಸವೇನೆಂಬುದು ಲೋಕಕ್ಕೆ ತಿಳಿದುಬಂದುದು ಒಂದು ಆಕಸ್ಮಿಕದಿಂದ. 1883ರಲ್ಲಿ ಪ್ರಕಟವಾದ ಪರೀಕ್ಷೆಗಳಲ್ಲಿ ಟವರ್ ಎಂಬ ಆಂಗ್ಲ ಇಂಜಿನಿಯರು, ರೈಲುಗಾಡಿಯ ಅಚ್ಚಿಗೆ ಹಾಕುವಂತಹ ಬೇರಿಂಗಿನ ಮೇಲ್ಭಾಗದಲ್ಲಿ ಎಣ್ಣೆ ಬಿಡುವುದಕ್ಕಾಗಿ ಒಂದು ರಂಧ್ರವನ್ನು ಕೊರೆಸಿದನು. ಅಚ್ಚು ತಿರುಗಿದೊಡನೆ ಎಣ್ಣೆಯು ಒಳಗಿಳಿಯುವುದರ ಬದಲು ಮೇಲಕ್ಕೆ ಉಕ್ಕಿತು. ಮರದ ಬೆಣೆಯನ್ನು ಬಡಿದರೆ ಬೆಣೆಯೇ ಹೊರಬಿದ್ದಿತು. ಮಾಪಕವನ್ನಿಟ್ಟು ನೋಡಲಾಗಿ, ಚದರಂಗುಲಕ್ಕೆ ಸರಾಸರಿ 100 ಪೌಂಡು ಭಾರವಿದ್ದೆಡೆಯಲ್ಲಿ ಎಣ್ಣೆಯ ಒತ್ತಡವು 200 ಪೌಂಡನ್ನು ಮೀರಿತ್ತು! ಅಚ್ಚಿನ ಮೇಲಿನ ಭಾರವನ್ನೆಲ್ಲ ತೆಳುವಾದ ಎಣ್ಣೆಯ ಪದರವೇ ಹೊತ್ತು ನಿಂತಿತ್ತೆಂಬುದು ಇದರಿಂದ ಸಿದ್ಧವಾಯಿತು. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಎಂಬ ವಿದ್ವಾಂಸನು ಇದಕ್ಕೆ ಗಣಿತದ ಉಪಪತ್ತಿಯನ್ನು ಕೊಟ್ಟನು.

ನಮ್ಮ ನಾಡಿನಲ್ಲಿ 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ, 1953ರಲ್ಲಿ ಬೆಂಗಳೂರಿನಲ್ಲಿ ಎಚ್.ಎಂ.ಟಿ.ಯೂ ಸ್ಥಾಪಿತವಾದವು. ಹರಿಹರದ ಕಾರ್ಖಾನೆಯು ನಿಂತುಹೋಗಿದ್ದರೂ, ಅಲ್ಲಿ ಹುಟ್ಟಿದ ಲೇತುಗಳು ಕೈಯಿಂದ ಕೈಗೆ ದಾಟಿ ಇಂದಿಗೂ ಸಣ್ಣ ಕಾರ್ಯಾಗಾರಗಳಲ್ಲಿ ಅನ್ನ ಸಂಪಾದಿಸಿಕೊಡುತ್ತಿವೆ. ಸಾಲ ಮಾಡಿ ಇಂತಹ ಹಳೆಯ ಲೇತನ್ನು ಕೊಂಡವನು ಮೊದಲು ಮಾಡತಕ್ಕ ಕಾರ್ಯವೆಂದರೆ ಎಣ್ಣೆಯನ್ನು ಬದಲಾಯಿಸುವುದೇ.

ಯಂತ್ರವನ್ನು ಸ್ವಲ್ಪ ಹೊತ್ತು ನಡೆಸಿ ಎಣ್ಣೆ ಬೆಚ್ಚಗಾದ ಮೇಲೆ ಕೆಳಗಿನ ತಿರುಪನ್ನು ಬಿಚ್ಚಿದರೆ, ತಳದ ಕಲ್ಮಷವೂ ಎಣ್ಣೆಯೊಡನೆ ಇಳಿದುಬರುವುದು. ಬಂದ ಎಣ್ಣೆಯನ್ನು ಚೆಲ್ಲುವುದಕ್ಕೆ ಮುಂಚೆ ಪರೀಕ್ಷಿಸಬೇಕು. ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆಯೆಂದು ತಿಳಿಯಬೇಕು. ಹೊಂಬಣ್ಣದ ಪುಡಿಯಿದ್ದರೆ ಕಂಚಿನ ಬುಷ್ ಸವೆದಿದೆ. ಅಯಸ್ಕಾಂತಕ್ಕೆ ಉಕ್ಕಿನ ಚೂರುಗಳು ಅಂಟಿದರೆ ಹಲ್ಲುಗಳಿಗೆ ಅಪಾಯವೊದಗಿದೆ. ತಲೆಭಾಗ, ಗೇರುಪೆಟ್ಟಿಗೆ, ಏಪ್ರನ್ ಎಂಬ ಮೂರಕ್ಕೂ ಅನೇಕ ಲೇತುಗಳಲ್ಲಿ ಎಣ್ಣೆಯ ಮನೆಗಳು ಬೇರೆಬೇರೆಯಾಗಿರುವುದರಿಂದ, ಒಂದನ್ನು ಮಾಡಿ ಉಳಿದವನ್ನು ಮರೆಯಬಾರದು. ಒಳಭಾಗವನ್ನು ನೂಲೆಳೆ ಬಿಡದ ಬಟ್ಟೆಯಿಂದ ಒರಸಿ, ತಯಾರಕರು ಹೇಳಿದ ದರ್ಜೆಯ ಎಣ್ಣೆಯನ್ನು ಗಾಜಿನ ಕಿಂಡಿಯ ಗುರುತಿನವರೆಗೆ ಮಾತ್ರ ತುಂಬಬೇಕು. ಕಡಿಮೆಯಾದರೆ ಲೋಹವು ಸವೆಯುವುದು. ಹೆಚ್ಚಾದರೆ ಎಣ್ಣೆಯು ಕಡೆಯಲ್ಪಟ್ಟು ನೊರೆಯೆದ್ದು ಬಿಸಿಯಾಗುವುದು. ಗಂಧಕ ಬೆರೆತ ಕೆಲವು ಗೇರು ಎಣ್ಣೆಗಳು ಕಂಚನ್ನು ಕೊರೆಯುವುದರಿಂದ, ಸಿಕ್ಕಿದ್ದನ್ನು ಹಾಕುವುದು ಹಿತವಲ್ಲ.

ಮುರಿದ ಚಕ್ರವನ್ನು ಮಾಡಿಸುವ ವೆಚ್ಚದ ಮುಂದೆ ಎಣ್ಣೆಯ ಬೆಲೆ ಎಷ್ಟರದು? ಹಳೆಯ ಯಂತ್ರವನ್ನು ಕೊಳ್ಳುವವನು ಹಿಂದಿನವರ ಅಲಕ್ಷ್ಯವನ್ನೂ ಕೊಂಡಿರುತ್ತಾನೆ. ಆ ಅಲಕ್ಷ್ಯವನ್ನು ಕಪ್ಪು ಎಣ್ಣೆಯೊಡನೆ ಹೊರಗೆ ಹರಿಸಿ, ಹೊಸ ಸ್ನೇಹವನ್ನು ತುಂಬಿದವನಿಗೆ ಯಂತ್ರವು ಬಹುಕಾಲ ದುಡಿದುಕೊಡುವುದು.