ಬಿಸಿಲ ನಾಡಿನಲ್ಲಿ ಮಂಜುಗಡ್ಡೆಯ ಲೆಕ್ಕ

ಬೇಸಿಗೆಯಲ್ಲಿ ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಒಂದು ತುಂಡು ಬರ್ಫ್‌ಗೆ ಎಲ್ಲಿಲ್ಲದ ಬೆಲೆ. ಆದರೆ ಯಂತ್ರ ಬರುವ ಮೊದಲು ಈ ನಾಡಿನ ಜನ ತಂಪನ್ನು ಎಲ್ಲಿಂದ ಪಡೆಯುತ್ತಿದ್ದರು?

1833ರ ಮೇ ತಿಂಗಳಲ್ಲಿ ಅಮೆರಿಕದ ಬೋಸ್ಟನ್ನಿನಿಂದ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಸುಮಾರು 180 ಟನ್ ಮಂಜುಗಡ್ಡೆಯನ್ನು ಹಡಗಿನಲ್ಲಿ ಕಲ್ಕತ್ತೆಗೆ ಕಳಿಸಿದ. ನಾಲ್ಕು ತಿಂಗಳು ಸಾಗಿ ಬಂದರೂ ಸುಮಾರು 100 ಟನ್ ಉಳಿದಿತ್ತು! ಇದರಲ್ಲಿ ಮಾಯೆಯೇನೂ ಇಲ್ಲ. ಒಂದು ಗ್ರಾಂ ಮಂಜುಗಡ್ಡೆ ಕರಗಲು 80 ಕ್ಯಾಲೊರಿ ಶಾಖ ಬೇಕು. ಅಷ್ಟೇ ಶಾಖ ಅಷ್ಟೇ ನೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಕಾಯಿಸಬಲ್ಲದು. ಮೇಲಾಗಿ, ಗಡ್ಡೆಯ ಅಳತೆ ಎಲ್ಲ ಕಡೆಗೂ ಇಮ್ಮಡಿಯಾದರೆ ಅದರ ತೂಕ ಎಂಟು ಪಟ್ಟಾಗುತ್ತದೆ, ಬಿಸಿ ತಗಲುವ ಮೈ ಮಾತ್ರ ನಾಲ್ಕೇ ಪಟ್ಟು. ಆದ್ದರಿಂದ ದೊಡ್ಡ ರಾಶಿ ನಿಧಾನವಾಗಿ ಕರಗುತ್ತದೆ. ಸುತ್ತ ತುಂಬಿದ ಮರದ ಹೊಟ್ಟು ಗಾಳಿಯನ್ನು ಹಿಡಿದಿಟ್ಟು ಹೊರಗಿನ ಶಾಖವನ್ನು ತಡೆಯುತ್ತದೆ. ಸಿರುಗುಪ್ಪದ ಭತ್ತದ ಹೊಟ್ಟಿಗೂ ಇದೇ ಗುಣವಿದೆ.

1842ರಲ್ಲಿ ಮದರಾಸಿನ ಕಡಲ ದಂಡೆಯಲ್ಲೂ ಟ್ಯೂಡರನ ಐಸ್ ಹೌಸ್ ಎದ್ದಿತು. ಬಳ್ಳಾರಿ ಆಗ ಮದರಾಸು ಪ್ರಾಂತ್ಯಕ್ಕೇ ಸೇರಿತ್ತು. ಆದರೆ ನಡುವೆ ಸುಮಾರು 500 ಕಿಲೋಮೀಟರ್ ದಾರಿ. ದಿನಕ್ಕೆ 25 ಕಿಲೋಮೀಟರ್ ನಡೆಯುವ ಎತ್ತಿನ ಬಂಡಿಗೆ ಅದು 20 ದಿನಗಳ ಪಯಣ. ಬಂಡಿಯಲ್ಲಿ ಹಿಡಿಸುವ ಸಣ್ಣ ಹೇರು ಹಡಗಿನ ರಾಶಿಯಂತೆ ಬಾಳುವುದಿಲ್ಲ; ಬಹುಪಾಲು ದಾರಿಯಲ್ಲೇ ನೀರಾಗಬೇಕು.

ಹಾಗೆಂದು ಇಲ್ಲಿನವರು ತಂಪಿಲ್ಲದೆ ಬದುಕಲಿಲ್ಲ. ಮಣ್ಣಿನ ಗಡಿಗೆಯಿಂದ ಒಸರಿದ ನೀರು ಆವಿಯಾಗುವಾಗ ಪ್ರತಿ ಗ್ರಾಮಿಗೆ ಸುಮಾರು 580 ಕ್ಯಾಲೊರಿ ಶಾಖವನ್ನು ಹೀರುತ್ತದೆ. ಮಂಜುಗಡ್ಡೆ ಕರಗುವಾಗ ಹೀರುವುದಕ್ಕಿಂತ ಇದು ಏಳು ಪಟ್ಟು ಹೆಚ್ಚು. ಗಾಳಿ ಒಣಗಿದ್ದಷ್ಟೂ ಆವಿ ಬೇಗ ಏಳುತ್ತದೆ. ಮದರಾಸಿನ ತೇವದ ಗಾಳಿಯಲ್ಲಿ ಗಡಿಗೆ ಸೋಲುತ್ತದೆ, ಕುರುಗೋಡಿನ ಬಂಡೆಗಳ ನಡುವಿನ ಒಣ ಗಾಳಿಯಲ್ಲಿ ಗೆಲ್ಲುತ್ತದೆ. ಬಿಸಿಲು ಕೊಟ್ಟ ನಾಡೇ ಅದಕ್ಕೆ ಮದ್ದನ್ನೂ ಕೊಟ್ಟಿದೆ.

ಐಸ್ ಹೌಸಿನ ತಂಪು ಹಣವುಳ್ಳವರಿಗೆ ಮಾತ್ರ ಸಿಗುತ್ತಿತ್ತು. ಗಡಿಗೆಯ ತಂಪನ್ನು ಜನ ದಾರಿಹೋಕರಿಗೆ ಪುಕ್ಕಟೆಯಾಗಿ ಹಂಚಿದರು. ಒಬ್ಬರು ಅದನ್ನು ಅರವಟ್ಟಿಗೆ ಎಂದರು, ಇನ್ನೊಬ್ಬರು ಸಬೀಲ್ ಎಂದರು. ಮುಂದೆ ಮಂಜುಗಡ್ಡೆ ಮಾಡುವ ಯಂತ್ರಗಳು ಬಂದು ಟ್ಯೂಡರನ ವ್ಯಾಪಾರ ಮುಗಿಯಿತು. ಗಡಿಗೆ ಮಾತ್ರ ಉಳಿಯಿತು. ನಾವು ಅದನ್ನು 'ಬಡವರ ಫ್ರಿಜ್' ಎನ್ನುತ್ತೇವೆ. ಫ್ರಿಜ್ಜಿನೊಳಗೂ ದ್ರವವೊಂದು ಆವಿಯಾಗಿಯೇ ಶಾಖ ಹೀರುತ್ತದೆ. ಹಾಗಿರುವಾಗ ಫ್ರಿಜ್ಜನ್ನೇ 'ಉಳ್ಳವರ ಗಡಿಗೆ' ಎಂದು ಕರೆದರೆ ತಪ್ಪೇನು?