ನಂಜೇರಿದಾಗ ಕಾವಲುಗಾರರು ಎಲ್ಲಿದ್ದರು?

ಸವದತ್ತಿಯ ಹತ್ತಿರ ಮಲಪ್ರಭೆ ಗುಡ್ಡವನ್ನು ಸೀಳಿಕೊಂಡು ಹೊರಬೀಳುವ ಇಕ್ಕಟ್ಟಿನ ತಾಣವೇ ನವಿಲುತೀರ್ಥ. ಇಂದು ಅಲ್ಲಿಗೆ ಹೋಗುವವರು ಅಣೆಕಟ್ಟನ್ನೂ ರೇಣುಕಾಸಾಗರವನ್ನೂ ನೋಡಿ ಬರುತ್ತಾರೆ. ಆದರೆ ಅಣೆಕಟ್ಟಿಗೆ ಮುಂಚಿನ ಕಾಲವನ್ನು ಈ ಸೀಮೆಯ ಹಿರಿಯರು ನೆನೆಯುತ್ತಿದ್ದುದು ಬರಗಾಲದಿಂದ, ಪ್ಲೇಗಿನಿಂದ. ‘ಇಲಿ ಬಿದ್ದಾವ’ ಎಂಬ ಎರಡು ಮಾತು ಸಾಕಾಗಿತ್ತು. ಜನ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಕಟ್ಟುತ್ತಿದ್ದರು. ತೊಡೆಸಂದಿನಲ್ಲೋ ಕಂಕುಳಲ್ಲೋ ಗಡ್ಡೆ ಏಳುವುದು, ಜ್ವರ ಕಾಯುವುದು, ಕೊನೆಗೆ ‘ನಂಜು ಏರಿತು’ ಎನ್ನುವುದು. ಕೆಲವೇ ದಿನಗಳಲ್ಲಿ ಗಟ್ಟಿಮುಟ್ಟಾದ ಆಳು ಮಣ್ಣಾಗುತ್ತಿದ್ದ. ಪಾಪದ ಫಲವೆಂದರು ಕೆಲವರು, ಅಮ್ಮನ ಮುನಿಸೆಂದರು ಹಲವರು.

ಕನ್ನಡ ಕಲಿಸುವ ನನಗೆ ಆ ‘ಏರಿತು’ ಎಂಬ ಕ್ರಿಯಾಪದದ ಮೇಲೆ ಬಹುಕಾಲದಿಂದ ಕಣ್ಣು. ನಂಜು ಏರುವುದಾದರೆ ಅದನ್ನು ತಡೆಯಬೇಕಾದವರು ಯಾರು? ಅವರು ಆಗ ಎಲ್ಲಿದ್ದರು?

ಪ್ರಶ್ನೆಯ ಮೊದಲರ್ಧಕ್ಕೆ ಉತ್ತರ ಆ ವೇಳೆಗಾಗಲೇ ಸಿಕ್ಕಿತ್ತು. 1867ರಲ್ಲಿ ಜರ್ಮನಿಯ ಕೋನ್‌ಹೈಮ್ ಎಂಬ ವೈದ್ಯ ಕಪ್ಪೆಯ ರಕ್ತನಾಳಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ ಬಿಳಿಯ ಕಣಗಳು ನಾಳದ ಗೋಡೆಯಲ್ಲಿ ನುಸುಳಿ ಹೊರಬರುವುದನ್ನು ಕಂಡ. 1882ರಲ್ಲಿ ರಷ್ಯದ ಮೆಚ್ನಿಕಾಫ್ ಸಿಸಿಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಪಾರದರ್ಶಕ ಮರಿಗಳ ಮೈಗೆ ಮುಳ್ಳು ಚುಚ್ಚಿ ಮರುದಿನ ಬೆಳಿಗ್ಗೆ ನೋಡಿದ. ಮುಳ್ಳಿನ ಸುತ್ತ ಅಲೆಮಾರಿ ಕಣಗಳು ಮುತ್ತಿಗೆ ಹಾಕಿದ್ದವು. ರೋಗಾಣುಗಳನ್ನು ನುಂಗುವ ಕಾವಲುಗಾರರು ಇವರೇ ಎಂದು ಅವನು ಸಾರಿದ. 1908ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಇದೇ ಮೆಚ್ನಿಕಾಫನ ಶಿಷ್ಯ ಹಾಫ್‌ಕಿನ್. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗ ಅಲ್ಲಿ ಕುಳಿತು ರೋಗಾಣುಗಳನ್ನು ಬೆಳೆಸಿ, ಕಾಯಿಸಿ ಕೊಂದು, ಲಸಿಕೆ ಮಾಡಿ, 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಕೊಂಡ. ಬೆಳಗಾವಿ, ಧಾರವಾಡ ಜಿಲ್ಲೆಗಳು ಆಗ ಮುಂಬಯಿ ಇಲಾಖೆಗೆ ಸೇರಿದ್ದವು. ರೋಗ ಇತ್ತ ಹಬ್ಬಿತು, ಲಸಿಕೆಯೂ ಬೆನ್ನಿಗೇ ಬಂತು. 1898ರಲ್ಲಿ ಹುಬ್ಬಳ್ಳಿ, ಧಾರವಾಡಗಳಲ್ಲಿ ಸಾವಿರಾರು ಜನ ಸೂಜಿ ಹಾಕಿಸಿಕೊಂಡರು. ಮೆಸ್ಸಿನಾದ ಮುಳ್ಳಿಗೂ ಹುಬ್ಬಳ್ಳಿಯ ಸೂಜಿಗೂ ಹೀಗೊಂದು ಗುರುಪರಂಪರೆಯ ನಂಟು.

ಆದರೆ ಪ್ರಶ್ನೆಯ ಉತ್ತರಾರ್ಧ ಉಳಿದೇ ಇತ್ತು. ಒಂದು ಮಿಲಿಮೀಟರಿನ ಘನದಷ್ಟು ರಕ್ತದಲ್ಲಿ ನಾಲ್ಕರಿಂದ ಹನ್ನೊಂದು ಸಾವಿರ ಬಿಳಿಯ ಕಣಗಳಿರುವಾಗ ರೋಗಿ ಸಾಯುವುದೇಕೆ? ಪ್ಲೇಗಿನ ಅಣುವಿನ ಕುಟಿಲತೆ ಈಚೆಗೆ ಬಯಲಾಗಿದೆ. ಚಿಗಟದ ತಂಪು ಮೈಯಿಂದ ಮನುಷ್ಯನ ಬೆಚ್ಚನೆಯ ಮೈಗೆ ಬಂದೊಡನೆ ಅದು ತನ್ನ ಹೊರಕವಚವನ್ನು ಬದಲಿಸುತ್ತದೆ. ದೇಹದ ಎಚ್ಚರಿಕೆಯ ಗಂಟೆ ಬಾರಿಸುವುದೇ ಇಲ್ಲ. ಹತ್ತಿರ ಬಂದ ಕಣಗಳಿಗೂ ಅದು ಸೂಜಿಯಂಥ ಅಂಗದಿಂದ ವಿಷ ಚುಚ್ಚಿ ಅವುಗಳ ನುಂಗುವ ಶಕ್ತಿಯನ್ನು ಕೆಡಿಸುತ್ತದೆ. ಕಾವಲುಗಾರರಿಗೆ ಕರೆ ತಲುಪುವ ಹೊತ್ತಿಗೆ ಊರು ಸೂರೆಯಾಗಿರುತ್ತದೆ.

ಪ್ಲೇಗಷ್ಟೇ ಅಲ್ಲ, ಯಾವ ಸೋಂಕೇ ಆಗಲಿ ಮಿತಿಮೀರಿ ರಕ್ತಕ್ಕೆ ನಂಜೇರಿದಾಗ ಇನ್ನೊಂದು ವಿಪರೀತ ನಡೆಯುತ್ತದೆ. ಬಿಳಿಯ ಕಣ ಗಾಯದತ್ತ ಹೋಗುವುದು ಮೂರು ಹೆಜ್ಜೆಗಳಲ್ಲಿ: ನಾಳದ ಗೋಡೆಗೆ ತಾಗಿ ಉರುಳುವುದು, ಅಂಟಿ ನಿಲ್ಲುವುದು, ಸಂದಿನಲ್ಲಿ ಮೈ ಹಿಂಡಿ ನುಸುಳುವುದು. ದಾರಿ ತೋರುವುದು ಸೋಂಕಿನ ಜಾಗದಿಂದ ಹೊರಡುವ ರಾಸಾಯನಿಕ ಕರೆ. ಊರಿನ ಒಂದು ಓಣಿಯಲ್ಲಿ ಡಂಗುರ ಬಾರಿಸಿದರೆ ಜನ ಅತ್ತ ಓಡಿಯಾರು. ಎಲ್ಲ ಓಣಿಗಳಲ್ಲೂ ಒಮ್ಮೆಗೇ ಬಾರಿಸಿದರೆ ಎತ್ತ ಓಡಬೇಕು? ರಕ್ತದಲ್ಲೆಲ್ಲ ಕರೆಯೇ ತುಂಬಿದಾಗ ಕಣ ತನ್ನ ಮೈಮೇಲಿನ ಗ್ರಾಹಕಗಳನ್ನು ಒಳಗೆಳೆದುಕೊಂಡು ಕಿವುಡಾಗುತ್ತದೆ. ದೇಹದಲ್ಲಿ ಅತಿಯಾಗಿ ಹುಟ್ಟುವ ನೈಟ್ರಿಕ್ ಆಕ್ಸೈಡ್ ಅದನ್ನು ಗೋಡೆಗೆ ಅಂಟಗೊಡದು. ಸೆಟೆದ ಕಣಗಳು ಶ್ವಾಸಕೋಶದ ಕಿರುನಾಳಗಳಲ್ಲಿ ಸಿಕ್ಕಿಕೊಂಡು, ಕಾಯಬೇಕಾದ ಮನೆಯನ್ನೇ ಹಾಳುಗೆಡವುತ್ತವೆ. ಬ್ರೆಜಿಲ್ ದೇಶದ ರಿಬೇರಾವ್ ಪ್ರೆಟೊ ನಗರದ ಕುನ್ಯಾ ಮತ್ತು ಸಂಗಡಿಗರು 2000ದಿಂದೀಚೆಗೆ ಇದನ್ನು ಇಲಿಗಳಲ್ಲಿ ಹಂತಹಂತವಾಗಿ ತೋರಿಸಿದ್ದಾರೆ. ತೀವ್ರ ನಂಜಿನ ರೋಗಿಗಳಲ್ಲೂ, ಅದರಲ್ಲೂ ಬದುಕಿ ಉಳಿಯದವರಲ್ಲಿ, ಕಣಗಳ ಚಲನೆ ಕುಂದಿರುವುದು ಕಂಡುಬಂದಿದೆ.

ನಮ್ಮ ಹಿರಿಯರು ಸತ್ತದ್ದು ಪಾಪದಿಂದಲ್ಲ. ಮೈಯಲ್ಲಿ ಕಸುವಿಲ್ಲದೆಯೂ ಅಲ್ಲ. ಪಡೆಯಿತ್ತು, ಅದು ಸೇರಬೇಕಾದ ಕಡೆಗೆ ದಾರಿ ಕಟ್ಟಿತ್ತು. ಹೊಲದ ಗುಡಿಸಲಲ್ಲಿ ಮಗನನ್ನು ಕಳೆದುಕೊಂಡ ತಾಯಿಗೆ ಈ ಮಾತು ಹೇಳುವವರು ಅಂದು ಯಾರೂ ಇರಲಿಲ್ಲ. ಇಂದು ಪ್ಲೇಗಿಗೆ ಮದ್ದುಂಟು. ಆದರೆ ಗಾಯದ ನಂಜು, ಬಾಣಂತಿಯ ನಂಜು, ಶ್ವಾಸಕೋಶದ ನಂಜು ನಮ್ಮ ಊರುಗಳನ್ನು ಬಿಟ್ಟು ಹೋಗಿಲ್ಲ. ಕಿವುಡಾದ ಕಣಕ್ಕೆ ಕಿವಿ ಮರಳಿಸುವ ಔಷಧಿ ಇನ್ನೂ ಪ್ರಯೋಗಶಾಲೆಯ ಹೊಸ್ತಿಲು ದಾಟಿಲ್ಲ. ಅಲ್ಲಿಯವರೆಗೆ ವೇಳೆಯೇ ಮದ್ದು. ಇಲಿ ಬಿದ್ದೊಡನೆ ಊರು ಬಿಟ್ಟ ಜನರ ವಿವೇಕ ದೊಡ್ಡದು. ಜ್ವರ ಏರಿ ಉಸಿರು ಮೇಲಾಗಿ ಮಾತು ತೊದಲಿದಾಗ ‘ನಾಳೆ ನೋಡೋಣ’ ಎನ್ನದೆ ದವಾಖಾನೆಯ ಮೆಟ್ಟಿಲು ಹತ್ತುವುದು ಆ ವಿವೇಕದ ಇಂದಿನ ರೂಪ.